ಕೊನೇ ಸಾಲಿನ ಕ್ಯಾಪ್ಟನ್

ತಕ್ಕಡಿಯ ಮೇಲೆ ನಿಂತು ಹೊಟ್ಟೆ ಒಳಗೆಳೆದುಕೊಂಡರೆ ತೂಕವೇನೂ ಇಳಿಯುವುದಿಲ್ಲ ಎಂಬುದು ಅವನಿಗೆ ತಿಳಿಯದ ವಿಷಯವಲ್ಲ. ಆದರೂ ಎಳೆದುಕೊಂಡ. ಕೌಂಟರಿನ ಹಿಂದೆ ಕೂತಿದ್ದ ಹೆಂಗಸು, ವಿಮಾನ ನಿಲ್ದಾಣದಲ್ಲಿ ಎಲ್ಲರೂ ತಕ್ಕಡಿ ಅಕ್ಕ ಎಂದು ಕರೆಯುವವಳು, ಮುಳ್ಳನ್ನು ನೋಡಿದಳು, ಅವನ ಮುಖ ನೋಡಿದಳು, ಮತ್ತೆ ಮುಳ್ಳನ್ನು ನೋಡಿದಳು. ಧಾನ್ಯದ ಗೋದಾಮಿನಿಂದ ತಂದ ಆ ಹಳೇ ತಕ್ಕಡಿಯನ್ನು ಕೊಂಡವನು ಅವನೇ. ನಮ್ಮದು ಪುಟ್ಟ ವಿಮಾನ, ದೊಡ್ಡ ವಿಮಾನದಲ್ಲಿ ಒಬ್ಬ ದಪ್ಪನೆಯ ಮನುಷ್ಯ ಯಾವ ಲೆಕ್ಕಕ್ಕೂ ಬರುವುದಿಲ್ಲ, ನಮ್ಮಲ್ಲಿ ಅವನು ಎಲ್ಲಿ ಕೂರುತ್ತಾನೆ ಎನ್ನುವುದರ ಮೇಲೆ ಮೂತಿ ಏಳುತ್ತದೋ ಬಾಲ ಏಳುತ್ತದೋ ನಿಂತಿದೆ, ಆದ್ದರಿಂದ ಮಂತ್ರಿಯೇ ಬರಲಿ ಮದುಮಗಳೇ ಬರಲಿ ತಕ್ಕಡಿ ಹತ್ತದೆ ವಿಮಾನ ಹತ್ತುವ ಹಾಗಿಲ್ಲ ಎಂದು ನಿಯಮ ಮಾಡಿದವನೂ ಅವನೇ. ಮುಳ್ಳು ಕೌಂಟರಿನ ಕಡೆಗೆ ಮಾತ್ರ ಕಾಣುವಂತೆ ತಿರುಗಿಸಿಟ್ಟದ್ದೂ ಅವನೇ. ಎಷ್ಟೋ ಜನ ಇಲ್ಲಿ ನಿಂತು ಕೆಂಪಗಾಗಿದ್ದನ್ನು ಅವನು ಆ ಕಡೆಯ ಬಾಗಿಲಿಗೆ ಒರಗಿ ನಗುತ್ತಾ ನೋಡಿದ್ದ. ತನ್ನನ್ನು ಮಾತ್ರ ಯಾರೂ ತೂಗಿರಲಿಲ್ಲ. ಪೈಲಟ್ಟಿನ ತೂಕ ಎಷ್ಟು ಎಂದು, ಅವನೇ ಕಟ್ಟಿದ ಪುಟ್ಟ ವಿಮಾನ ಕಂಪನಿಯ ಮೊದಲ ದಿನ ಯಾರೋ ಕೇಳಿದ್ದರು, ಆಗ ಕಡ್ಡಿಯ ಹಾಗಿದ್ದ ಅವನು ಒಂದು ಸಂಖ್ಯೆ ಹೇಳಿದ್ದ, ಅದೇ ಇಷ್ಟು ವರ್ಷ ನಡೆದುಕೊಂಡು ಬಂದಿತ್ತು.

"ಎಷ್ಟಕ್ಕಾ?" ಎಂದ, ತುಟಿ ಅಲುಗಿಸದೆ.

"ಹೇಳೋ ಹಾಗಿಲ್ಲ ಸಾರ್. ನೀವೇ ಮಾಡಿದ ರೂಲು."

"ನನ್ನ ತೂಕ ನನಗೇ ಹೇಳಬಾರದಾ?"

"ಹಿಂದೆ ನಿಂತವರಿಗೆ ಕೇಳಿಸುತ್ತೆ," ಎಂದು ಅವಳು ಗುಟ್ಟಿನ ದನಿಯಲ್ಲಿ, ಆದರೆ ಹಿಂದೆ ನಿಂತವರಿಗೆ ಚೆನ್ನಾಗಿ ಕೇಳಿಸುವ ಹಾಗೆ ಹೇಳಿದಳು. "ಉಸಿರು ಬಿಡಿ ಸಾರ್, ಪರವಾಗಿಲ್ಲ. ಕೊನೇ ಸಾಲು, ಎಡಗಡೆ. ಇವತ್ತು ಮುಂದೆ ಸಾಮಾನು ಜಾಸ್ತಿ ಇದೆ, ಹಿಂದಕ್ಕೆ ಒಂದಿಷ್ಟು ಗಟ್ಟಿ ಭಾರ ಬೇಕಿತ್ತು. ಒಳ್ಳೇದಾಯ್ತು ನೀವು ಬಂದಿದ್ದು."

ಕೊನೇ ಸಾಲು. ಪೊರಕೆ, ನೀರಿನ ಕ್ಯಾನು, ಚಕ್ರಕ್ಕೆ ಅಡ್ಡ ಕೊಡುವ ಮರದ ತುಂಡು, ಯಾರೂ ಒಯ್ಯಲು ಬಾರದ ಪಾರ್ಸಲು, ಇವೆಲ್ಲ ಕೂರುವ ಜಾಗ. ಕಾಯುವ ಕೋಣೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಅವನು ತನ್ನ ಬೂಟುಗಳನ್ನು ನೋಡಿಕೊಂಡ. ಬೂಟಿಗೆ ಮಾತ್ರ ಅಭ್ಯಾಸದಂತೆ ಪಾಲಿಷ್ ಹಾಕಿಕೊಂಡು ಬಂದಿದ್ದ, ಮೇಲೆ ಹೆಂಡತಿ ಆರಿಸಿಕೊಟ್ಟ ಹೂವಿನ ಚಿತ್ತಾರದ ಅಂಗಿ. ಪ್ರಯಾಣಿಕರು ಹೀಗೇ ಇರ್ತಾರೆ, ಹಾಕಿಕೊಳ್ಳಿ, ಎಂದಿದ್ದಳು. ಈ ಕುರ್ಚಿಗಳು ಇಷ್ಟು ಗಟ್ಟಿಯೇ? ಇಷ್ಟು ವರ್ಷ ಜನ ಇದರ ಮೇಲೆ ಕೂತು ತನ್ನನ್ನು ಕಾಯುತ್ತಿದ್ದರೇ? ಯಾರೂ ಹೇಳಲೇ ಇಲ್ಲವಲ್ಲ. ಹೇಳಿರಬಹುದು, ತಾನು ಕೇಳಿಸಿಕೊಂಡಿರಲಿಕ್ಕಿಲ್ಲ. ನೀವು ಕೇಳಿಸಿಕೊಳ್ಳೋದಿಲ್ಲ ಎಂದು ಡಾಕ್ಟರೂ ಹೇಳಿದ್ದ. ಮೀಸೆ ಸರಿಯಾಗಿ ಬಾರದ ಹುಡುಗು ಡಾಕ್ಟರು, ಕಾಗದದ ಮೇಲಿನ ಏರುತಗ್ಗಿನ ಗೆರೆಯನ್ನು ಬೆರಳಲ್ಲಿ ಸವರುತ್ತಾ, ನಿಮ್ಮ ಹೃದಯ ಆಗಾಗ ಒಂದು ಬಡಿತ ಬಿಟ್ಟುಬಿಡುತ್ತೆ ಕ್ಯಾಪ್ಟನ್, ಗಾಬರಿ ಏನಿಲ್ಲ, ನೂರು ವರ್ಷ ಬದುಕ್ತೀರಿ, ಆದರೆ ವಿಮಾನ ಓಡಿಸೋದು ಮಾತ್ರ ಇಲ್ಲಿಗೆ ಸಾಕು ಎಂದಿದ್ದ. ಹಳೇ ಇಂಜಿನ್ನು, ಆಗೊಮ್ಮೆ ಈಗೊಮ್ಮೆ ಕೆಮ್ಮದೆ ಇರುತ್ತಾ ಎಂದು ಇವನು ನಕ್ಕಿದ್ದ. ಡಾಕ್ಟರು ನಕ್ಕಿರಲಿಲ್ಲ.

ಆಮೇಲೆ ರನ್‌ವೇ ಬೇಲಿಯ ಪಕ್ಕ ನಿಲ್ಲುವುದು ಹೆಚ್ಚಾಯಿತು. ಅದಕ್ಕೂ ಮೊದಲೇ ಇದ್ದ ಚಟ ಅದು, ಈಗ ಪೂರ್ತಿ ಉದ್ಯೋಗವಾಯಿತು. ಕಂಪನಿಯ ಯಾವ ವಿಮಾನ ಇಳಿದರೂ ಅವನು ಬೇಲಿಯ ಬಳಿ ನಿಂತು ಕೈಯೆತ್ತಿ ಬೆರಳು ತೋರಿಸುತ್ತಿದ್ದ. ಚಕ್ರ ನೆಲಕ್ಕೆ ತಾಗಿದ್ದು ಹೇಗಿತ್ತು ಎಂಬುದಕ್ಕೆ ಅಂಕ. ಕುಕ್ಕಿದರೆ ಮೂರು ಬೆರಳು, ಒಂದು ಸಲ ಪುಟಿದರೆ ನಾಲ್ಕು, ಸುಮಾರಾಗಿ ಇಳಿದರೆ ಆರು. ಪೈಲಟ್ಟುಗಳು ಪ್ರಯಾಣಿಕರನ್ನು ಇಳಿಸುವ ಮೊದಲೇ ಕಿಟಕಿಯಿಂದ ಬೇಲಿಯ ಕಡೆ ಕತ್ತು ಚಾಚುತ್ತಿದ್ದರು. ಹತ್ತು ಬೆರಳನ್ನು ಅವನು ಯಾರಿಗೂ ಕೊಟ್ಟಿರಲಿಲ್ಲ. ಕಂಪನಿಯಲ್ಲೇ ಪೈಲಟ್ಟಾಗಿದ್ದ ಮಗಳಿಗೆ ಏಳು, ಬಹಳವೆಂದರೆ ಏಳೂವರೆ, ಒಂದು ಬೆರಳನ್ನು ಅರ್ಧ ಮಡಚಿ ತೋರಿಸುತ್ತಿದ್ದ. ಅದು ಪ್ರೀತಿ ಎಂದು ಅವನ ಎಣಿಕೆ. ಬೇಲಿ ಸಾಲದೆ ರೇಡಿಯೋ ಕೋಣೆಗೂ ನುಗ್ಗತೊಡಗಿದ. ಒಂದು ದಿನ ಮೈಕು ಕಸಿದುಕೊಂಡು, ಆಕಾಶದಲ್ಲಿದ್ದ ಪೈಲಟ್ಟಿಗೆ ಇಲ್ಲಿಂದಲೇ ಮೂಗು ಕೆಳಗೆ ಮಾಡಯ್ಯಾ ಎಂದು ಕೂಗಿದ. ಆ ಪೈಲಟ್ಟು ಇಳಿದವನೇ ಟೋಪಿ ತೆಗೆದು ಮೇಜಿನ ಮೇಲಿಟ್ಟು ಮನೆಗೆ ಹೋದವನು ಮತ್ತೆ ಬರಲಿಲ್ಲ. ಎರಡನೆಯವನು ಟೋಪಿಯನ್ನೂ ಇಡದೆ ಹೋದ.

ಮಗಳು ಅದರ ಬಗ್ಗೆ ಜಗಳವಾಡಲಿಲ್ಲ. ಅಡುಗೆಮನೆಯ ಮೇಜಿನ ಮುಂದೆ ಕೂತು, ಬಟಾಣಿ ಬಿಡಿಸುತ್ತಿದ್ದ ಅವಳಮ್ಮನ ಎದುರಿಗೇ, ದೊಡ್ಡ ಕಂಪನಿಯವರು ಕರೆದಿದ್ದಾರೆ, ದೊಡ್ಡ ಜೆಟ್ಟು, ನಾಳೆ ಸಂಜೆಯೊಳಗೆ ಹೂಂ ಅಥವಾ ಉಹೂಂ ಹೇಳಬೇಕು ಎಂದಳು. ಅವನಿಗೆ ಎದೆ ಧಸಕ್ಕೆಂದಿತು. ಡಾಕ್ಟರು ಹೇಳಿದ ಬಡಿತ ಬಿಡುವುದೆಂದರೆ ಇದೇ ಇರಬೇಕು. ಅವಳು ಹೋದರೆ ಕಂಪನಿಯನ್ನು ಯಾರ ಕೈಗೆ ಕೊಡುವುದು? ಈ ನಾಲ್ಕು ವಿಮಾನ, ಆ ತಕ್ಕಡಿ, ಸರೋವರದ ಆಚೆಯ ಊರು, ಅಲ್ಲಿ ಸೂಟ್‌ಕೇಸು ಹಿಡಿದು ನಿಂತ ಜನ?

"ನಿನಗೆ ಹೋಗೋ ಮನಸ್ಸಿದೆಯಾ?" ಎಂದು ಕೇಳಿದ.

"ಇಲ್ಲ. ಇಲ್ಲೇ ಇರೋಣ ಅಂತಿದೆ. ಕಂಪನಿ ನಾನೇ ನೋಡ್ಕೊಳ್ಳೋಣ ಅಂತಲೂ ಇದೆ. ಆದರೆ ನಿನ್ನ ಬೆರಳು ನೋಡ್ಕೊಂಡು ಜೀವಮಾನ ಪೂರ್ತಿ ವಿಮಾನ ಇಳಿಸೋಕೆ ನನ್ನ ಕೈಲಾಗಲ್ಲ ಅಪ್ಪಾ. ನಾಳೆ ಬೆಳಗಿನ ಸರ್ವೀಸಿಗೆ ಬಾ. ಪ್ರಯಾಣಿಕನಾಗಿ. ಬಾಗಿಲು ಹಾಕಿದಾಗಿನಿಂದ ಆ ಕಡೆ ಬಾಗಿಲು ತೆಗೆಯೋವರೆಗೂ ಒಂದು ಮಾತಾಡಬಾರದು, ಒಂದು ಬೆರಳೂ ಎತ್ತಬಾರದು. ಅಷ್ಟು ಮಾಡಿದರೆ ನಾನು ಎಲ್ಲಿಗೂ ಹೋಗಲ್ಲ."

"ಅಷ್ಟೇನಾ?" ಎಂದು ಅವನು ಗಟ್ಟಿಯಾಗಿ ನಕ್ಕಿದ್ದ. ಅವನಿಗಿಂತ ಗಟ್ಟಿಯಾಗಿ ನಕ್ಕವಳು ಹೆಂಡತಿ. ನಕ್ಕು ನಕ್ಕು ಮೊರದಿಂದ ಬಟಾಣಿ ಉರುಳಿ ಮೇಜಿನ ಕೆಳಗೆಲ್ಲ ಹೋಯಿತು. ಅವನು ಮಂಡಿಯೂರಿ ಆರಿಸಬೇಕಾಯಿತು.

ವಿಮಾನದ ಮೆಟ್ಟಿಲ ಬಳಿ ಮಗಳು ಟೋಪಿ ತೊಟ್ಟು ನಿಂತು ಒಬ್ಬೊಬ್ಬರಿಗೂ ನಮಸ್ಕಾರ ಬನ್ನಿ, ತಲೆ ನೋಡ್ಕೊಳ್ಳಿ ಎನ್ನುತ್ತಿದ್ದಳು. ಇವನ ಸರದಿ ಬಂದಾಗಲೂ ಅದೇ ದನಿಯಲ್ಲಿ ನಮಸ್ಕಾರ ಬನ್ನಿ, ತಲೆ ನೋಡ್ಕೊಳ್ಳಿ ಎಂದಳು. ಇವನಿಗೆ ತಲೆ ನೋಡಿಕೋ ಎನ್ನುವುದೇ! ಎಷ್ಟು ಸಾವಿರ ಸಲ ಈ ಬಾಗಿಲು ಹೊಕ್ಕಿದ್ದಾನೋ ಎಂದು ಬೀಗುತ್ತಲೇ ಹತ್ತಿ, ತಲೆಯನ್ನು ಟಣ್ಣನೆ ಬಡಿಸಿಕೊಂಡ. ಪೈಲಟ್ಟಾಗಿ ಹತ್ತುವಾಗ ಎಡಕ್ಕೆ ತಿರುಗಿ ಮೂತಿಯ ಕಡೆಗೆ ಹೋಗುತ್ತಿದ್ದ, ಬಲಕ್ಕೆ ಬಾಲದ ಕಡೆ ತಿರುಗುವಾಗ ಸೂರು ಇಷ್ಟು ತಗ್ಗು ಎಂಬುದು ತಿಳಿದಿರಲಿಲ್ಲ. ಹಿಂದೆ ಹತ್ತಿದ ದಂತವೈದ್ಯೆ ಅಯ್ಯೋ ಎಂದಳು. ವಾರಕ್ಕೊಮ್ಮೆ ಸರೋವರದ ಆಚೆಯ ಊರಿಗೆ ಹೋಗಿ ಅಲ್ಲಿಯವರ ಹಲ್ಲು ಕಿತ್ತು ಬರುವ ಗಟ್ಟಿಗಿತ್ತಿ, ಸಲಕರಣೆಗಳ ಚೀಲವನ್ನು ತಕ್ಕಡಿಯಲ್ಲಿಟ್ಟಾಗ ಅವಳಿಗಿಂತ ಅದೇ ಹೆಚ್ಚು ತೂಗುತ್ತದೆ ಎಂದು ನಿಲ್ದಾಣದಲ್ಲಿ ತಮಾಷೆ. ಅವಳು ಸರಿಯಾಗಿ ಇವನ ಮುಂದಿನ ಸೀಟಿನಲ್ಲಿ ಕೂತಳು. ಪಕ್ಕದ ಸೀಟಿನಲ್ಲಿ ತೂತು ತೂತಿನ ರಟ್ಟಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡ ಕೋಳಿ ಸಾಕುವವನು. ಪೆಟ್ಟಿಗೆಯೊಳಗಿಂದ ಚಿಯೋ ಚಿಯೋ ಎಂದು ಒಂದೇ ಸಮ ಗಲಾಟೆ. ಮುಂದೆ ಪರದೆ ಅರ್ಧ ಸರಿದಿತ್ತು. ಅಲ್ಲಿಂದ ಕಾಣುತ್ತಿದ್ದದ್ದು ಇಷ್ಟೇ: ಸಹಪೈಲಟ್ಟಿನ ಒಂದು ಕಿವಿ, ಮತ್ತು ಮಗಳ ಬಲ ಮೊಣಕೈ.

ಬಾಗಿಲು ಮುಚ್ಚಿತು. ಅವನು ಬಾಯಿ ಮುಚ್ಚಿದ.

ಮೊಣಕೈ ಮುಂದಕ್ಕೆ ಹೋಯಿತು, ಇಂಜಿನ್ನು ಮೊರೆಯಿತು, ಕಿಟಕಿಯಾಚೆ ಹುಲ್ಲು ಓಡತೊಡಗಿತು. ಬಾಯಿಗೆ ಬೀಗ ಹಾಕಿಕೊಂಡಿದ್ದೇನೋ ಸರಿ, ಆದರೆ ಕಾಲಿಗೆ ಯಾರೂ ಬೀಗ ಹಾಕಿರಲಿಲ್ಲ. ಓಟದಲ್ಲಿ ಮೂತಿ ಕೂದಲೆಳೆಯಷ್ಟು ಎಡಕ್ಕೆ ಸರಿದಿದ್ದೇ ತಡ, ಅವನ ಬಲಗಾಲು ತಾನಾಗಿಯೇ ಒತ್ತಿತು. ಪೈಲಟ್ಟಿನ ಕಾಲಡಿಯಲ್ಲಿ ಎರಡು ಪೆಡಲುಗಳಿರುತ್ತವೆ, ಅವನ್ನು ಒತ್ತಿಯೇ ಮೂತಿಯನ್ನು ನೇರ ಮಾಡುವುದು. ಇವನ ಕಾಲಡಿಯಲ್ಲಿದ್ದದ್ದು ದಂತವೈದ್ಯೆಯ ಸೀಟಿನ ಬೆನ್ನು. ಎಡಗಾಲು, ಬಲಗಾಲು, ಸ್ವಲ್ಪ ಬಲ, ಸಾಕು ಸಾಕು, ಎಡ. ನೆಲ ಬಿಟ್ಟ ಮೇಲೂ ಗಾಳಿ ತಳ್ಳಿದಾಗಲೆಲ್ಲ ಕಾಲು ಉತ್ತರ ಕೊಡುತ್ತಲೇ ಇತ್ತು. ದಂತವೈದ್ಯೆ ತಿರುಗಿದಳು.

"ಕ್ಯಾಪ್ಟನ್, ನನ್ನ ಕುರ್ಚೀಲಿ ಕೂತವರು ಕಾಲು ಝಾಡಿಸೋದು ನನಗೆ ಹೊಸದಲ್ಲ. ಬೆನ್ನಿಗೆ ಒದೆಸಿಕೊಳ್ತಾ ಇರೋದು ಮಾತ್ರ ಇದೇ ಮೊದಲು."

ಅವನು ಕ್ಷಮಿಸಿ ಎನ್ನಲು ಬಾಯಿ ತೆರೆದವನು ಪಕ್ಕನೆ ಮುಚ್ಚಿಕೊಂಡ. ಕೈ ಮುಗಿಯೋಣವೆಂದರೆ ಅದೂ ಬೆರಳು ಎತ್ತಿದ ಹಾಗಾಗುತ್ತದೆ. ಸುಮ್ಮನೆ ತಲೆಯಾಡಿಸಿ, ಕಣ್ಣರಳಿಸಿ, ತುಟಿ ಬಿಗಿದು ನಕ್ಕ.

"ಹಲ್ಲು ನೋವಾ?" ದಂತವೈದ್ಯೆಯ ಮುಖದಲ್ಲಿ ತಟ್ಟನೆ ಆಸಕ್ತಿ ಮೂಡಿತು. "ಹೀಗೆ ತುಟಿ ಬಿಗಿ ಹಿಡಿದವರನ್ನ ಕಂಡರೆ ನನಗೆ ಗೊತ್ತಾಗಿಬಿಡುತ್ತೆ. ದವಡೆ ಹಲ್ಲು ಇರಬೇಕು. ಆ ಕಡೆ ಇಳಿದ ಮೇಲೆ ನೋಡೋಣ, ಚೀಲದಲ್ಲಿ ಎಲ್ಲಾ ಇದೆ."

ಅವನು ಜೋರಾಗಿ ಅಡ್ಡಡ್ಡ ತಲೆಯಾಡಿಸಿದ. ಎಲ್ಲರೂ ಹೀಗೇ ಅಂತಾರೆ ಎಂದು ಅವಳು ಮುಂದಕ್ಕೆ ತಿರುಗಿದಳು. ಅವನು ಎರಡೂ ಪಾದಗಳನ್ನು ಒಂದರ ಮೇಲೊಂದು ಹೆಣೆದು ಸೀಟಿನ ಕೆಳಗೆ ಸಿಕ್ಕಿಸಿದ. ಸೀಟಿನ ಬಟ್ಟೆ ನೀಲಿ. ಮೊದಲ ವಿಮಾನದ ಸೀಟುಗಳಿಗೆ ಹೆಂಡತಿ ಮನೆಯ ಹೊಲಿಗೆ ಯಂತ್ರದಲ್ಲಿ ಹಳೇ ಪರದೆಗಳ ಬಟ್ಟೆಯಿಂದ ಗವುಸು ಹೊಲಿದಿದ್ದಳು, ಅದಕ್ಕೇ ಮನೆಯ ಕಿಟಕಿಗಳು ವರ್ಷವಿಡೀ ಬೋಳಾಗಿದ್ದವು, ಎದುರು ಮನೆಯವರು ಇವರು ಊಟ ಮಾಡುವುದನ್ನೆಲ್ಲ ನೋಡುತ್ತಿದ್ದರು. ಆಗ ಅವನು ಹೊಲಗಳಿಗೆ ಔಷಧಿ ಸಿಂಪಡಿಸುವ ವಿಮಾನ ಓಡಿಸಿ ಬೇಸತ್ತು, ಸಿಂಪಡಿಸುವ ಡಬ್ಬ ಕಿತ್ತು ಹಾಕಿ, ಬೆಳಗಿನ ಪತ್ರಿಕೆಗಳನ್ನೂ ಕೋಳಿಮರಿಗಳನ್ನೂ ಸರೋವರದ ಆಚೆಗೆ ಒಯ್ಯುತ್ತಿದ್ದ. ರಸ್ತೆಯಲ್ಲಿ ಸುತ್ತಿ ಹೋದರೆ ದಿನವಿಡೀ, ನೀರು ದಾಟಿದರೆ ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು. ಪತ್ರಿಕೆ ಹೋಗುತ್ತದೆ, ಮರಿ ಹೋಗುತ್ತದೆ, ಮನುಷ್ಯ ಯಾಕೆ ಹೋಗಬಾರದು ಎಂದು ಒಂದು ದಿನ ಒಬ್ಬ ಗರ್ಭಿಣಿ ಕೇಳಿದಳು. ಕಂಪನಿ ಶುರುವಾದದ್ದು ಹಾಗೆ. ಅವಳ ಮಗ ಈಗ ಎಲ್ಲೋ ಲಾಯರಂತೆ. ಇವನು ತನ್ನ ಅಪ್ಪನನ್ನೂ ಒಮ್ಮೆ ಹತ್ತಿಸಿಕೊಂಡು ಹೋಗಿದ್ದ. ಜೀವನವಿಡೀ ಬಸ್ಸಿನ ಡ್ರೈವರಾಗಿದ್ದ ಅಪ್ಪ, ಸಹಪೈಲಟ್ಟಿನ ಜಾಗದಲ್ಲಿ ಕೂತು ಎಲ್ಲ ಗುಂಡಿಗಳನ್ನೂ ಗಂಭೀರವಾಗಿ ಪರೀಕ್ಷಿಸಿ, ಎಲ್ಲಾ ಸರಿ, ಹಾರ್ನ್ ಎಲ್ಲಿ ಎಂದು ಕೇಳಿದ್ದರು. ಹಾರ್ನ್ ಇಲ್ಲ ಎಂದಾಗ ಅವರಿಗೆ ಆ ಗಾಡಿಯ ಮೇಲಿನ ಗೌರವವೇ ಹೊರಟುಹೋಯಿತು.

ಮೊಣಕೈ ಹಿಂದಕ್ಕೆ ಸರಿಯಿತು. ಇಳಿಯುವ ಸಿದ್ಧತೆ. ಅವನು ಕಿಟಕಿಗೆ ಹಣೆ ಒತ್ತಿದ. ನೀರಿನ ಮೇಲೆ ಗಾಳಿ ಬಿಳಿ ಗೆರೆಗಳನ್ನು ಎಳೆದಿತ್ತು, ಎಲ್ಲ ಗೆರೆಗಳೂ ರನ್‌ವೇಗೆ ಅಡ್ಡ. ಸರೋವರದ ಆಚೆಯ ಆ ರನ್‌ವೇ ಒಂದು ಕಡೆ ನೀರು, ಒಂದು ಕಡೆ ಆಲೂಗಡ್ಡೆ ಹೊಲ ಇರುವ ಸಣ್ಣ ಪಟ್ಟಿ. ಇಂಥ ಗಾಳಿಯಲ್ಲಿ ಅವನು ಅಲ್ಲಿ ಇಳಿದಿದ್ದಾನೆ. ಒಮ್ಮೆ ಇಳಿದು, ನಿಲ್ಲದೆ, ಸೀದಾ ಹೊಲಕ್ಕೇ ಹೋಗಿದ್ದ. ಚಕ್ರದ ಸಂದಿಗಳಲ್ಲಿ ಆಲೂಗಡ್ಡೆ ಸಿಕ್ಕಿತ್ತು, ಅದನ್ನೇ ಪ್ರಯಾಣಿಕರಿಗೆಲ್ಲ ಹಂಚಿ, ಇವತ್ತಿನ ಟಿಕೆಟ್ಟಿಗೆ ತರಕಾರಿ ಪುಕ್ಕಟೆ ಎಂದಿದ್ದ. ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದರು. ಕಂಡ ಕಂಡಲ್ಲೆಲ್ಲ ಹೇಳಿಕೊಂಡು ಬಂದ ಕಥೆ. ಮಗಳೂ ಇದ್ದಳು ಆ ದಿನ, ಪುಟ್ಟ ಹುಡುಗಿ. ಎಲ್ಲಿ ಕೂತಿದ್ದಳು? ಹಿಂದೆ. ಅವಳ ತೂಕಕ್ಕೆ ಎಲ್ಲಿ ಕೂತರೂ ನಡೆಯುತ್ತಿತ್ತು, ಆಟವಾಡಿಕೊಂಡು ಕೊನೇ ಸಾಲಿಗೆ ಹೋಗಿದ್ದಳು. ಅವಳು ನಕ್ಕಿದ್ದಳೇ? ಅವನ ಕಥೆಯಲ್ಲಿ ಅವಳು ಯಾವಾಗಲೂ ನಗುತ್ತಿದ್ದಳು. ಈಗ ಅದೇ ಜಾಗದಿಂದ ನೋಡಿದರೆ ಮುಂದಿನ ಗಾಜು ಕಾಣುವುದಿಲ್ಲ, ರನ್‌ವೇ ಕಾಣುವುದಿಲ್ಲ, ಕಾಣುವುದು ಒಂದು ಮೊಣಕೈ ಮಾತ್ರ. ಕೈಯಲ್ಲೊಂದು ಆಲೂಗಡ್ಡೆ ಹಿಡಿದು ಸುಮ್ಮನೆ ನಿಂತಿದ್ದ ಹುಡುಗಿಯ ನೆನಪಾಯಿತು. ಮಣ್ಣು ಮೆತ್ತಿದ ಆಲೂಗಡ್ಡೆಯನ್ನು ಅವಳು ಎರಡೂ ಕೈಯಲ್ಲಿ ಹಿಡಿದಿದ್ದಳು. ನಗುತ್ತಿರಲಿಲ್ಲ. ಅವನ ಮುಖ ಬಿಸಿಯಾಯಿತು.

ನೆಲ ಹತ್ತಿರ ಬಂತು. ಬಲ ರೆಕ್ಕೆ ತಗ್ಗಿತು, ಸರಿ, ಹಾಗೇ ಹಿಡಿ, ಹೆಣೆದ ಪಾದಗಳು ಬಿಚ್ಚಿಕೊಂಡು ಒತ್ತತೊಡಗಿದವು, ಸರಿ ಪುಟ್ಟಿ, ಇನ್ನೇನು ಬಂತು, ಇಳಿಸು, ಇಳಿಸು ಎಂದು ಅವನ ಮೈಯೆಲ್ಲ ಕೂಗಿತು. ಮೊಣಕೈ ಮುಂದಕ್ಕೆ ಹೋಯಿತು. ಇಂಜಿನ್ನು ಎದ್ದು ಮೊರೆಯಿತು, ನೆಲ ಕೆಳಕ್ಕೆ ಬಿದ್ದುಹೋಯಿತು. ಅವಳು ಇಳಿಯುವುದನ್ನು ಬಿಟ್ಟು ಮತ್ತೆ ಮೇಲಕ್ಕೆ ಹೊರಟಿದ್ದಳು. ಪಕ್ಕದ ಪೆಟ್ಟಿಗೆ ಒಮ್ಮೆಗೇ ನಿಶ್ಶಬ್ದ. ಮರಿಗಳು ಹಾಗೇ, ವಿಮಾನ ಕುಲುಕಿದರೆ ಉಸಿರು ಬಿಗಿಹಿಡಿಯುತ್ತವೆ ಎಂಬುದು ಅವನಿಗೆ ಆ ಕಾಲದಿಂದಲೂ ಗೊತ್ತು. ಆದರೆ ಮನುಷ್ಯರು ಹಾಗಲ್ಲ. ಒಬ್ಬರು ಅಯ್ಯೋ ಎಂದರು, ಒಬ್ಬರು ಏನಾಯ್ತು ಎಂದರು, ಮುಂದಿನ ಸಾಲಿನಿಂದ ಒಂದು ಮಗು ಅಳತೊಡಗಿತು. ಸ್ಪೀಕರಿನಲ್ಲಿ ಮಗಳ ದನಿ ಬಂತು, ಗಾಳಿ ಸ್ವಲ್ಪ ತರಲೆ ಮಾಡ್ತಿದೆ, ಒಂದು ಸುತ್ತು ಹೊಡೆದು ಮತ್ತೆ ಬರೋಣ, ಗಾಬರಿ ಬೇಡ. ಶಾಂತವಾದ ದನಿ. ಆದರೆ ಗಾಬರಿ ಬೇಡ ಎಂದ ಮೇಲೆ ಗಾಬರಿಯಾಗದವರು ಯಾರು? ಎಲ್ಲರ ಕತ್ತುಗಳೂ ಒಂದೊಂದಾಗಿ ಹಿಂದಕ್ಕೆ, ಕೊನೇ ಸಾಲಿಗೆ ತಿರುಗಿದವು. ಕಂಪನಿ ಕಟ್ಟಿದವರೇ ಇಲ್ಲಿದ್ದಾರಲ್ಲ.

"ಕ್ಯಾಪ್ಟನ್, ಏನಾಗಿದೆ?" ಎಂದ ಕೋಳಿಯವನು.

ಅವನು ತುಟಿ ಬಿಗಿದು ಕೂತಿದ್ದ. ಏನೂ ಆಗಿಲ್ಲ, ಇದು ದಿನನಿತ್ಯದ ವಿಷಯ, ನಾನಾಗಿದ್ದರೆ ಇಳಿಸಿಬಿಡುತ್ತಿದ್ದೆ, ಇಳಿಸಿ ಬಹುಶಃ ನಿಮಗೆಲ್ಲ ಒಂದೊಂದು ಆಲೂಗಡ್ಡೆ ಕೊಡುತ್ತಿದ್ದೆ, ಅವಳು ನನಗಿಂತ ಬುದ್ಧಿವಂತೆ. ಇಷ್ಟೂ ನಾಲಿಗೆಯ ತುದಿಯಲ್ಲೇ ಇತ್ತು. ಒಂದು ಮಾತು ಹೇಳಿದರೆ ಇವರ ಎದೆ ತಣ್ಣಗಾಗುತ್ತದೆ, ಆ ಒಂದು ಮಾತಿಗೆ ಮಗಳು ಹೊರಟುಹೋಗುತ್ತಾಳೆ. ಅವಳಿಗೆ ಕೇಳಿಸದ ಹಾಗೆ ಪಿಸುಗುಟ್ಟಿದರೆ? ಛೆ, ಅದು ಇನ್ನೂ ಹೊಲಸು.

"ನೀವೇ ಹೀಗೆ ಸುಮ್ಮನೆ ಕೂತರೆ ನಾವು ಯಾರನ್ನ ಕೇಳೋದು?" ದಂತವೈದ್ಯೆಯ ದನಿ ನಡುಗಿತು. ಹಲ್ಲಿಗೆ ಇಕ್ಕಳ ಹಾಕುವ ಗಟ್ಟಿಗಿತ್ತಿಯ ದನಿ ನಡುಗುವುದನ್ನು ಅವನು ಮೊದಲ ಸಲ ಕೇಳಿದ. "ಮಾತೇ ಹೊರಡ್ತಿಲ್ಲ ಇವರಿಗೆ. ಮುಖ ನೋಡಿ, ಹೇಗೆ ಬೆವರ್ತಿದಾರೆ. ಏನೋ ಆಗಿದೆ!"

ಏನೋ ಆಗಿದೆ ಎಂಬ ಮಾತು ಸಾಲಿಂದ ಸಾಲಿಗೆ ಮುಂದಕ್ಕೆ ಹೋಯಿತು. ಅವನು ಮಾತಾಡುವ ಹಾಗಿಲ್ಲ, ಮಾತಾಡದಿದ್ದರೆ ಇವರು ಎದ್ದು ಓಡಾಡಿ ವಿಮಾನದ ತೂಕವೆಲ್ಲ ಏರುಪೇರು. ಜೀವಮಾನದಲ್ಲಿ ಇಂಥ ಪೇಚಿಗೆ ಅವನು ಸಿಕ್ಕಿರಲಿಲ್ಲ. ಮಗಳ ಮೇಲೆ ಪೂರ್ತಿ ನಂಬಿಕೆ ಇರುವ ಒಬ್ಬ ಪ್ರಯಾಣಿಕ ಈಗ ಏನು ಮಾಡುತ್ತಿದ್ದ? ಕಿಟಕಿ ನೋಡುತ್ತಿರಲಿಲ್ಲ, ಮೊಣಕೈ ನೋಡುತ್ತಿರಲಿಲ್ಲ. ಅವನು ನಿಧಾನವಾಗಿ, ಎಲ್ಲರಿಗೂ ಕಾಣುವ ಹಾಗೆ, ದೊಡ್ಡದಾಗಿ ಒಂದು ಆಕಳಿಕೆ ತೆಗೆದ. ಆಕಳಿಕೆ ಮಾತಲ್ಲ. ಆಮೇಲೆ ಹೂವಿನ ಅಂಗಿಯ ಹೊಟ್ಟೆಯ ಮೇಲೆ ಕೈ ಕಟ್ಟಿ, ತಲೆ ಹಿಂದಕ್ಕಿಟ್ಟು, ಕಣ್ಣು ಮುಚ್ಚಿ, ಒಂದು ಗೊರಕೆಯನ್ನೂ ಹೊಡೆದ.

"ನೋಡ್ರೀ," ಎಂದ ಕೋಳಿಯವನು ಕೊಂಚ ಹೊತ್ತಿನ ಮೇಲೆ. "ಅವರು ಆರಾಮಾಗಿ ನಿದ್ದೆ ಮಾಡ್ತಿದಾರೆ. ಏನಾದ್ರೂ ಇದ್ದಿದ್ರೆ ಮಲಗ್ತಿದ್ರಾ?"

"ಹೌದಲ್ವಾ," ಎಂದಳು ದಂತವೈದ್ಯೆ. ಅವಳ ಸೀಟು ಸಡಿಲಾದದ್ದು ಅವನ ಮಂಡಿಗೆ ತಿಳಿಯಿತು. ಹೌದಲ್ವಾ ಎಂಬುದೂ ಸಾಲಿಂದ ಸಾಲಿಗೆ ಹೋಯಿತು. ಮಗು ಅಳು ನಿಲ್ಲಿಸಿತು. ಪೆಟ್ಟಿಗೆಯಲ್ಲಿ ಒಂದು ಮರಿ ಚಿಯೋ ಎಂದಿತು, ಆಮೇಲೆ ಎಲ್ಲವೂ.

ಅವನು ಕಣ್ಣು ತೆರೆಯುವ ಹಾಗಿರಲಿಲ್ಲ. ತೆರೆದರೆ ನಾಟಕ ಬಯಲು. ಕಣ್ಣು ಮುಚ್ಚಿಕೊಂಡೇ ಇಂಜಿನ್ನಿನ ಸದ್ದಿಗೆ ಕಿವಿಕೊಟ್ಟ. ತಿರುವು ತೆಗೆದುಕೊಂಡಳು, ಚೆನ್ನಾಗಿ, ಅಗಲವಾಗಿ. ಏಳೂವರೆ. ಎಂಟು ಎನ್ನಬಹುದು. ಅಪ್ಪನ ಬಸ್ಸಿನಲ್ಲೂ ಹೀಗೇ ಕಣ್ಣು ಮುಚ್ಚಿಕೊಂಡು ಸದ್ದು ಕೇಳುತ್ತಿದ್ದ. ಡ್ರೈವರಿನ ಪಕ್ಕದ ಬಾನೆಟ್ಟಿನ ಮೇಲೆ ಮಡಚಿದ ಕಂಬಳಿ ಹಾಸಿ ಅಪ್ಪ ಅವನನ್ನು ಮಲಗಿಸುತ್ತಿದ್ದರು, ಕೆಳಗಿನಿಂದ ಇಂಜಿನ್ನಿನ ಬಿಸಿ, ಡೀಸೆಲ್ಲಿನ ವಾಸನೆ, ಗೇರು ಬದಲಿಸುವಾಗ ಅಪ್ಪನ ಮೊಣಕೈ ಕಾಲಿಗೆ ತಾಗುತ್ತಿತ್ತು. ರಸ್ತೆ ಎಷ್ಟು ತಿರುವು, ಎಷ್ಟು ಕಡಿದು ಎಂದು ಅವನು ಒಮ್ಮೆಯೂ ಕೇಳಿರಲಿಲ್ಲ, ಅಪ್ಪ ಬ್ರೇಕು ಹಾಕಿದ್ದು ಹೇಗಿತ್ತು ಎಂದು ಬೆರಳು ತೋರಿಸಿರಲಿಲ್ಲ. ಕಣ್ಣು ಬಿಟ್ಟರೆ ಮನೆ ಬಂದಿರುತ್ತಿತ್ತು. ದಾರಿ ಅಂತ ಒಂದಿತ್ತು ಎಂಬುದೇ ತಿಳಿಯುತ್ತಿರಲಿಲ್ಲ. ಅಂಥ ನಿದ್ದೆ ಆಮೇಲೆ ಎಲ್ಲೂ ಬರಲಿಲ್ಲ, ವಿಮಾನದಲ್ಲಂತೂ ಒಂದು ರೆಪ್ಪೆ ಮುಚ್ಚಿದವನಲ್ಲ, ಬೇರೆಯವರು ಓಡಿಸುವಾಗ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತವನು. ಈ ಪುಟ್ಟಿಯನ್ನು ಒಮ್ಮೆ ಬಾನೆಟ್ಟಿನ ಮೇಲೆ ಮಲಗಿಸಬೇಕಿತ್ತು, ವಿಮಾನಕ್ಕೆ ಬಾನೆಟ್ಟು ಎಲ್ಲಿ, ಹಾರ್ನೂ ಇಲ್ಲ, ಅಪ್ಪ ಗೇರು ಬದಲಿಸಿದರು, ಮೊಣಕೈ ಕಾಲಿಗೆ ತಾಗಿತು, ಬೆಚ್ಚಗಿತ್ತು.

"ಅಪ್ಪಾ."

ಯಾರೋ ಕೈ ಹಿಡಿದಿದ್ದರು. ಮುಂಗೈಯ ನಾಡಿಯ ಮೇಲೆ ಎರಡು ತಣ್ಣನೆಯ ಬೆರಳು.

"ಅಪ್ಪಾ! ಅಪ್ಪಾ, ಕಣ್ಣು ಬಿಡು!"

"ಸುಮ್ನಿರಮ್ಮಾ, ಏನೂ ಆಗಿಲ್ಲ," ಎನ್ನುತ್ತಿತ್ತು ದಂತವೈದ್ಯೆಯ ದನಿ. "ನಾಡಿ ಚೆನ್ನಾಗೇ ಇದೆ. ಗೊರಕೆ ಕೇಳಿಸ್ತಿಲ್ವಾ ನಿಂಗೆ? ಬರೀ ನಿದ್ದೆ."

ಕಣ್ಣು ಬಿಟ್ಟ. ಮಗಳು ಮುಂದೆ ಮಂಡಿಯೂರಿದ್ದಳು, ಟೋಪಿ ಎಲ್ಲೋ ಬಿದ್ದಿತ್ತು, ಮುಖ ಸುಣ್ಣದ ಹಾಗಿತ್ತು. ಯಾರ ಮುಖವನ್ನಾದರೂ ಇಷ್ಟು ಹತ್ತಿರದಿಂದ ನೋಡಿ ಬಹಳ ಕಾಲವಾಗಿತ್ತು. ಇಂಜಿನ್ನಿನ ಸದ್ದಿರಲಿಲ್ಲ. ಕೋಳಿಯವನಿರಲಿಲ್ಲ, ಮರಿಗಳಿರಲಿಲ್ಲ.

"ಯಾಕೆ ಇನ್ನೂ ಹೊರಟಿಲ್ಲ?" ಎಂದವನೇ ನಾಲಿಗೆ ಕಚ್ಚಿಕೊಂಡ. "ಅಯ್ಯೋ. ಮಾತಾಡಿಬಿಟ್ಟೆ."

"ಬಾಗಿಲು ತೆಗೆದು ಎಲ್ಲರೂ ಇಳಿದು ಹೋದರಪ್ಪಾ."

"ಎಲ್ಲಿ?"

"ಎಲ್ಲಿ ಅಂದ್ರೆ? ಇಲ್ಲೇ. ಬಂದಾಯ್ತು."

ಅವನು ಕಿಟಕಿಯಿಂದ ನೋಡಿದ. ಆಲೂಗಡ್ಡೆ ಹೊಲ, ಬಗ್ಗಿ ಕಳೆ ಕೀಳುತ್ತಿರುವ ಹೆಂಗಸರು, ಗಾಳಿಗೆ ಉಬ್ಬಿ ರನ್‌ವೇಗೆ ಅಡ್ಡ ನಿಂತ, ದಿಕ್ಕು ತೋರಿಸುವ ಬಣ್ಣದ ಗಾಳಿಚೀಲ. ಗಾಳಿ ಇನ್ನೂ ಹಾಗೇ ಇತ್ತು.

"ಯಾವಾಗ ಇಳಿಸಿದೆ?"

ಮಗಳು ಅವನನ್ನೇ ನೋಡಿದಳು. ಅವಳ ಮುಖಕ್ಕೆ ಬಣ್ಣ ಮರಳಿ ಬರುತ್ತಿತ್ತು.

"ನಿನಗೆ ಗೊತ್ತಾಗಲಿಲ್ವಾ?"

"ಸುತ್ತು ತಿರುಗಿದ್ದು ಗೊತ್ತು. ಆಮೇಲೆ..." ಅವನಿಗೆ ನಾಚಿಕೆಯಾಯಿತು. "ಮೊದಲು ಸುಮ್ಮನೆ ಕಣ್ಣು ಮುಚ್ಚಿದ್ದೆ ಕಣೆ, ಇವರೆಲ್ಲ ಹೆದರ್ತಿದ್ರು ಅಂತ. ಆಮೇಲೆ ನಿಜವಾಗಲೂ ಹತ್ತಿಬಿಡ್ತು."

"ಚಕ್ರ ತಾಗಿದ್ದು?"

"ಇಲ್ಲ."

"ಬ್ರೇಕು?"

"ನಾನು ನೋಡಲೇ ಇಲ್ಲ ಪುಟ್ಟಿ. ಎಷ್ಟು ಬೆರಳು ಅಂತ ಕೇಳಬೇಡ. ನನಗೇನೂ ಗೊತ್ತಿಲ್ಲ."

"ಒದೆಯೋದು ನಿಂತಾಗಲೇ ನನಗೆ ಗೊತ್ತಾಯ್ತು," ಎಂದಳು ದಂತವೈದ್ಯೆ. "ನಮ್ಮಲ್ಲೂ ಹಾಗೇ. ಕಾಲು ಸಡಿಲ ಬಿಟ್ಟರು ಅಂದ್ರೆ ಮುಗೀತು, ಆಮೇಲೆ ಏನು ಬೇಕಾದ್ರೂ ಕೀಳಬಹುದು." ಅವಳು ಚೀಲ ಎತ್ತಿಕೊಂಡು, ದವಡೆ ಹಲ್ಲು ಮರೆಯಬೇಡಿ ಎಂದು ಇಳಿದು ಹೋದಳು.

ಮಗಳು ಎದುರಿನ ಸೀಟಿನ ತೋಳಿನ ಮೇಲೆ ಕೂತಳು. ಕೂತು ನಗತೊಡಗಿದಳು, ನಗುತ್ತಲೇ ಕಣ್ಣೊರೆಸಿಕೊಂಡಳು, ಮುಂದೆ ಕೂತಿದ್ದ ಸಹಪೈಲಟ್ಟಿಗೆ ಕೇಳುವ ಹಾಗೆ, "ಕೇಳಿದ್ರಾ, ನಮ್ಮಪ್ಪ ನೋಡಲಿಲ್ವಂತೆ!" ಎಂದು ಕೂಗಿದಳು. ಪರದೆಯಾಚೆಯಿಂದ ಆ ಒಂದು ಕಿವಿ ತಿರುಗಿ ಪೂರ್ತಿ ಮುಖವಾಯಿತು, ನಂಬದ ಮುಖ. ಅವಳು ಫೋನು ತೆಗೆದು ಅಮ್ಮನಿಗೆ ಹಚ್ಚಿದಳು. ಆ ಕಡೆಯಿಂದ ಬರುವ ದನಿ ಅವನಿಗೂ ಕೇಳುತ್ತಿತ್ತು, ಅವನ ಹೆಂಡತಿಗೆ ಫೋನಿನಲ್ಲಿ ಮೆಲ್ಲಗೆ ಮಾತಾಡುವುದು ಎಂದೂ ಬರಲಿಲ್ಲ.

"ಬಾಯಿ ಬಿಟ್ರಾ?"

"ಇಲ್ಲಮ್ಮಾ. ನಿದ್ದೆ ಮಾಡಿಬಿಟ್ಟ."

"ಎಲ್ಲಿ, ಕಾಯೋ ಕೋಣೇಲಾ?"

"ವಿಮಾನದಲ್ಲಿ. ನಾನು ಇಳಿಸೋವಾಗ."

ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದು. ಆಮೇಲೆ ಅವನ ಹೆಂಡತಿ, ಬೇರೊಂದು ದನಿಯಲ್ಲಿ, ಅವನು ಬಹಳ ಕಾಲದಿಂದ ಕೇಳಿರದ ಮೆತ್ತನೆಯ ದನಿಯಲ್ಲಿ, "ಹಾಗಾದ್ರೆ ಆ ದೊಡ್ಡ ಕಂಪನಿಯವರಿಗೆ ಬರಲ್ಲ ಅಂತ ಹೇಳಿಬಿಡೇ," ಎಂದಳು.

ಇಳಿಯುವ ಮೊದಲು ಅವನು ಮಗಳ ಕೈ ಹಿಡಿದು ನಿಲ್ಲಿಸಿದ. "ಆ ಆಲೂಗಡ್ಡೆ ದಿನ," ಎಂದ. "ನೀನು ಇಲ್ಲಿ ಕೂತಿದ್ದೆ ಅಲ್ವಾ?"

"ಹೂಂ."

"ಹೆದರಿದ್ದೆಯಾ?"

"ತುಂಬಾ," ಎಂದಳು ಅವಳು, ಸಲೀಸಾಗಿ, ಕೇಳಲಿ ಎಂದೇ ಕಾಯುತ್ತಿದ್ದವಳಂತೆ. "ಆದರೂ ಆ ಆಲೂಗಡ್ಡೆ ಚೆನ್ನಾಗಿತ್ತಪ್ಪಾ. ಅಮ್ಮ ಸಂಜೆ ಬೇಯಿಸಿಕೊಟ್ಟಳು."

ಹಿಂದಿರುಗುವ ಸರ್ವೀಸಿಗೆ ಅವನು ಮತ್ತೆ ತಕ್ಕಡಿ ಹತ್ತಿದ. ಈ ಕಡೆಯ ಕೌಂಟರಿನವನು ಹೊಸಬ, ಇವನು ಯಾರೆಂದು ತಿಳಿಯದು. ಹೊಟ್ಟೆಯನ್ನು ಅದರ ಪಾಡಿಗೆ ಬಿಟ್ಟು ಸಲೀಸಾಗಿ ನಿಂತ. ಕೊನೇ ಸಾಲು ಎಂದಾಗ, ಆಗಲಿ, ಆದರೆ ಕಾಯುವ ಕೋಣೆಗೆ ಮೆತ್ತನೆಯ ಕುರ್ಚಿ ಹಾಕಿಸಿ ಅಂತ ನಿಮ್ಮ ಯಜಮಾನರಿಗೆ ಹೇಳಪ್ಪಾ ಎಂದ. ಯಜಮಾನರಲ್ಲ, ಯಜಮಾನಿ ಬಂದಿದಾರಂತೆ ಈಗ, ಪೈಲಟ್ಟಮ್ಮನೇ ಅಂತೆ, ಎಂದು ಕೌಂಟರಿನವನು ಚೀಟಿ ಕೊಟ್ಟ. ಸುದ್ದಿ ಆಗಲೇ ಅಷ್ಟು ದೂರ ಬಂದಿತ್ತು. ಮೆಟ್ಟಿಲ ಬಳಿ ಮಗಳು ನಮಸ್ಕಾರ ಬನ್ನಿ, ತಲೆ ನೋಡ್ಕೊಳ್ಳಿ ಎಂದಳು. ಅವನು ತಲೆ ಬಗ್ಗಿಸಿ ಒಳಹೊಕ್ಕ. ಬಾಗಿಲು ಮುಚ್ಚಿದ ಮೇಲೆ ಸ್ಪೀಕರಿನಲ್ಲಿ ಅವಳ ದನಿ ಬಂತು, ಕೊನೇ ಸಾಲಿನ ಪ್ರಯಾಣಿಕರು ದಯವಿಟ್ಟು ಗೊರಕೆ ಹೊಡೆಯಬಾರದು, ಸಹಪೈಲಟ್ಟಿಗೂ ನಿದ್ದೆ ಬರುತ್ತೆ. ಎಲ್ಲರೂ ನಕ್ಕರು. ಅವನ ಎರಡೂ ಕೈ ತಾವಾಗಿಯೇ ಮೇಲೆದ್ದವು, ಹತ್ತೂ ಬೆರಳು ಬಿಚ್ಚಿಕೊಂಡವು. ಪರದೆಯ ಸಂದಿಯಲ್ಲಿ ಮೊಣಕೈ ಆಗಲೇ ಮುಂದಕ್ಕೆ ಸರಿಯುತ್ತಿತ್ತು. ಅವಳು ಹಿಂದೆ ನೋಡಲಿಲ್ಲ, ಅವಳು ನೋಡಬೇಕಾದದ್ದು ಮುಂದೆ ಇತ್ತು. ಅವನು ಕೈಗಳನ್ನು ಇಳಿಸಿ ಹೊಟ್ಟೆಯ ಮೇಲೆ ಕಟ್ಟಿಕೊಂಡ, ಕಾಲು ಚಾಚಿದ, ಮತ್ತು ಮೊದಲ ಸಲ ಗಾಳಿಯ ಗೆರೆ ಹುಡುಕದೆ ಸರೋವರವನ್ನು ನೋಡಿದ.

"ಎಷ್ಟು ಹಸಿರಾಗಿದೆ ಅಲ್ವಾ?" ಎಂದ, ಪಕ್ಕದವನಿಗೆ.